ಖಾಲಿ ಬಿಟ್ಟ ಕಡೆಯ ಕಾಲಂ

ಡಾಕ್ಟರರ ಬಲಗೈ ತೋರುಬೆರಳಿನ ಉಗುರು ಸದಾ ನೀಲಿ. ಪೆನ್ನು ಸೋರುತ್ತಿತ್ತು, ಹೊಸದು ಕೊಳ್ಳುತ್ತಿರಲಿಲ್ಲ. ಘಟಪ್ರಭಾ ಸ್ಟೇಷನ್ನಿನ ಹಿಂದಿದ್ದ ಅವರ ದವಾಖಾನೆಯಲ್ಲಿ ದಪ್ಪ ರಜಿಸ್ಟರೊಂದಿತ್ತು. ಕ್ಯಾನ್ಸರಿನ ಪ್ರತಿ ರೋಗಿಗೂ ಅದರಲ್ಲಿ ಒಂದು ಸಾಲು: ವಯಸ್ಸು, ಬೇರೆ ಬೇನೆ, ಕೊಟ್ಟ ಔಷಧ, ಬಂದುಹೋದ ದಿನಗಳು, ಕಡೆಗೆ ತೀರಿಕೊಂಡ ದಿನ.

ತೊಂಬತ್ತರ ದಶಕದ ಕೊನೆಗೆ ನನ್ನವ್ವನ ಎದೆಯ ಗಡ್ಡೆ ತೆಗೆಸಿದ್ದೆವು. ಇನ್ನು ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ದು ಕಿಮೊಥೆರಪಿಯ ಕಠಿಣ ಔಷಧ ಹಾಕಿಸಬೇಕೋ ಬೇಡವೋ? ಅವಳಿಗೆ ಸಕ್ಕರೆ ಕಾಯಿಲೆ, ಹೃದಯವೂ ಗಟ್ಟಿಯಿಲ್ಲ. ನನಗೆ ದಿಕ್ಕೇ ತೋಚುತ್ತಿರಲಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು, "ಔಷಧದಿಂದ ನೂರಕ್ಕ ಎಷ್ಟು ಮಂದಿ ಉಳೀತಾರ್ರಿ?" ಎಂದು ಕೇಳಿದೆ.

"ಮಂದಿ ಸುದ್ದಿ ಬಿಡ್ರಿ ಮಾಸ್ತರ. ನಿಮ್ಮವ್ವನಂಥಾಕಿ ಎಷ್ಟು ದಿನ ಉಳದ್ಲು, ಅದನ್ನ ಹುಡಕ್ರಿ" ಎಂದು ರಜಿಸ್ಟರು ನನ್ನ ಮುಂದೆ ತಳ್ಳಿದರು.

ಅಂಥವರು ಏಳು ಜನ ಸಿಕ್ಕರು. ಔಷಧ ತೆಗೆದುಕೊಂಡ ನಾಲ್ವರಲ್ಲಿ ಮೂವರ ಕಡೆಯ ಕಾಲಂ ಖಾಲಿ; ಬಂದುಹೋದ ದಿನಗಳೂ ಎಂದೋ ನಿಂತಿದ್ದವು. "ಬರೂದು ಬಿಟ್ಟಾರಂದ್ರ ಹೋಗಿಬಿಟ್ಟಾರ. ಔಷಧ ಬ್ಯಾಡ್ರಿ" ಎಂದೆ.

ಡಾಕ್ಟರರಿಗೆ ಸಿಟ್ಟು ಬಂತು. "ಓದಿ ಓದಿ ಮಳ್ಳಾಗೀರೇನ್ರಿ? ಬರಲಾರದವರೆಲ್ಲಾ ಸತ್ತಂಗನಾ? ಕಬ್ಬು ಕಡ್ಯಾಕ ಹೋಗಿರತಾರ, ಮಗಳ ಮನ್ಯಾಗ ಇರತಾರ. ಕಡೀ ಸಲ ಬಂದ ದಿನದ ತನಕಾ ಬದುಕಿದ್ರು. ಅಷ್ಟ ಖರೆ."

ಕೊಣ್ಣೂರ ಸಂತೆಯ ದಿನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಸಂತೆಗೆ ಬಂದವರನ್ನು ಕೇಳಿ ಕೇಳಿ ರೋಗಿಗಳನ್ನು ಪತ್ತೆ ಹಚ್ಚುವುದು ಅವರ ವಾಡಿಕೆ. ಆ ಮೂವರಲ್ಲಿ ಒಬ್ಬಾಕೆ ಮೆಣಸಿನಕಾಯಿ ಮಾರುತ್ತ ಕೂತಿದ್ದಳು! "ಆರಾಮ ಅದೀನ್ರಿ, ಮತ್ತ್ಯಾಕ ಬರ್ಲಿ?" ಎಂದಳು. ನಾನು ಸಂತೆಯಲ್ಲೇ ಅತ್ತುಬಿಟ್ಟೆ.

ಅವ್ವನಿಗೆ ಔಷಧ ಹಾಕಿಸಿದೆವು. ಐದನೇ ತಿಂಗಳಿಗೆ ತೀರಿಕೊಂಡಳು.

"ಹಾಕಸಲಾರದ ಇದ್ದಿದ್ರ ಇನ್ನೂ ಇರತಿದ್ಲೇನ್ರಿ?" ಎಂದು ಅವರ ಮೇಜಿನ ಮುಂದೆ ಚೀರಿದೆ.

"ಒಂದ ಜೀವ ಎರಡು ದಾರಿ ನಡ್ಯೂದಿಲ್ಲ ಮಾಸ್ತರ. ನಡೀಲಾರದ ದಾರಿ ನನಗೂ ಕಾಣೂದಿಲ್ಲ" ಎಂದರು. ಆಮೇಲೆ ಅವ್ವನ ಸಾಲಿನಲ್ಲಿ ದಿನಾಂಕ ಬರೆದರು.

ಆ ಕಾಣದ ದಾರಿಯನ್ನು ಊಹಿಸಲು ನಾನೀಗ ಕಂಪ್ಯೂಟರಿಗೆ ಕಲಿಸುತ್ತಿದ್ದೇನೆ: ಇದೇ ರೋಗಿಗೆ ಔಷಧ ಕೊಟ್ಟರೆ ಎಷ್ಟು ದಿನ, ಬಿಟ್ಟರೆ ಎಷ್ಟು ದಿನ. ಅದಕ್ಕೂ ಮೊದಲ ಪಾಠ ಡಾಕ್ಟರರದೇ. ಬಾರದವರನ್ನು ಸತ್ತವರೊಳಗೆ ಎಣಿಸಕೂಡದು. ಅವ್ವನ ಸಾಲನ್ನು ಮಾತ್ರ ಕಂಪ್ಯೂಟರಿನ ಮುಂದಿಡುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ದವಾಖಾನೆ ಮುಚ್ಚಿದ ದಿನ ಡಾಕ್ಟರರು ರಜಿಸ್ಟರನ್ನು ನನ್ನ ಕೈಗಿತ್ತು ಮಗಳ ಊರಿಗೆ ರೈಲು ಹತ್ತಿದರು. ಅಂದಿನಿಂದ ನಾನು ಬರೆದ ಪತ್ರಗಳೆಲ್ಲ ಮರಳಿ ಬರುತ್ತಿವೆ. ತೀರಿಕೊಂಡಿರಬೇಕು ಎನ್ನುತ್ತಾರೆ ಇಲ್ಲಿಯವರು. ಕಡೆಯ ಹಾಳೆಯಲ್ಲಿ ಅವರದೂ ಒಂದು ಸಾಲು ಬರೆದಿದ್ದೇನೆ. ರೈಲು ಹತ್ತಿದ ದಿನದ ತನಕ ಬದುಕಿದ್ದರು. ಕಡೆಯ ಕಾಲಂ ಖಾಲಿ ಬಿಟ್ಟಿದ್ದೇನೆ.