ಕಾಶೀಂಬಿಯ ಹಿಡಿ ಜೋಳ

ಬೆಟಗೇರಿಗೆ ಬಂದ ಮೊದಲ ಗುರುವಾರ ಮಧ್ಯಾಹ್ನ ಮೂವರು ಹೆಂಗಸರು ಬಾಗಿಲಲ್ಲಿ ನಿಂತು, ನನ್ನ ಹೆಸರನ್ನೂ ಕೇಳದೆ, ಚೀಲದ ಬಾಯಿ ತೆರೆದು ಮುಂದೆ ಹಿಡಿದರು. ಭಿಕ್ಷೆಗೆ ಬಂದವರೆಂದುಕೊಂಡು ಒಳಗಿಂದ ಒಂದು ಪಾವು ಅಕ್ಕಿ ತಂದೆ. ಮುಂದಿದ್ದಾಕೆ ಚೀಲವನ್ನು ಸರಕ್ಕನೆ ಮುಚ್ಚಿದಳು.

"ಅಕ್ಕಿ ಬ್ಯಾಡ್ರಿ ಅಕ್ಕಾರ. ಒಂದು ಹಿಡಿ ಜ್ವಾಳ ಹಾಕ್ರಿ."

"ಜೋಳ ಇಲ್ಲವಲ್ಲ."

"ಜ್ವಾಳಿಲ್ಲದ ಮನಿ!" ಹಿಂದಿದ್ದವಳು ನಕ್ಕಳು. "ಹಂಗಾರ ಉಣ್ಣೂದರ ಏನ್ರಿ ನೀವು?"

ಎಪ್ಪತ್ತರ ದಶಕದ ನಡುಭಾಗ. ನಕ್ಕವಳು ಯಾರೆಂದು ಈಗ ಹೇಳಲಾರೆ; ನೆನಪು ಆ ನಗೆಗೆ ಪ್ರತಿಸಲ ಬೇರೆ ಮುಖ ಅಂಟಿಸುತ್ತದೆ. ಗಂಡನಿಗೆ ಗದಗಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಬಾಡಿಗೆ ಕಡಿಮೆಯೆಂದು ಬೆಟಗೇರಿಯ ನೇಕಾರರ ಓಣಿಯಲ್ಲಿ ಮನೆ ಹಿಡಿದಿದ್ದೆವು. ಮೈಸೂರಿನಿಂದ ನಮ್ಮ ಬಳಗದವರಾದ ನೀವು ಬರೆದಿರಿ: ಅಲ್ಲಿಯದೂ ಕನ್ನಡವೇ ತಾನೆ, ಕಷ್ಟವೇನು? ಕನ್ನಡವೇ. ಆದರೆ "ಕುಂಡ್ರಿ" ಎಂದಾಗ ಗದರಿಸಿದಂತೆ ಕೇಳಿಸಿ ನಾನು ನಿಂತೇ ಇರುತ್ತಿದ್ದೆ. ನಮ್ಮಲ್ಲಿ ಊಟವೆಂದರೆ ಅನ್ನ. ಇಲ್ಲಿ ರೊಟ್ಟಿ ಮುಗಿದ ಮೇಲೆ ಅನ್ನ ಒಂದು ಉಪಚಾರ. ನಾನು ಬಡಿದ ಮೊದಲ ರೊಟ್ಟಿ ಹರಿಯದೆ ಉಬ್ಬಿದ ದಿನ ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದೆ.

ಚೀಲ ಹಿಡಿದಿದ್ದಾಕೆ ನೀಲವ್ವ, ಓಣಿಯ ಹಿರಿಯಳು. ಅವಳ ಗುಂಪು ಪ್ರತಿ ಗುರುವಾರ ಮನೆಗೊಂದು ಹಿಡಿ ಜೋಳ ಕೂಡಿಸುತ್ತಿತ್ತು. ಯಾವ ಮನೆಯ ಒಲೆ ಸಂಕಟದಲ್ಲಿದೆಯೋ ಅಲ್ಲಿಗೆ ಸೋಮವಾರ ಹಿತ್ತಲ ಬಾಗಿಲಿನಿಂದ ಆ ಜೋಳ ಹೋಗುತ್ತಿತ್ತು. ಅದು ಯಾವ ಮನೆಯೆಂದು ನೀಲವ್ವನಿಗೆ ಮತ್ತು ಒಯ್ಯುವವಳಿಗೆ ಮಾತ್ರ ಗೊತ್ತು. ನಾನು ಸೇರಿದ್ದು ದಯೆಯಿಂದಲ್ಲ. ಮಧ್ಯಾಹ್ನ ಮಾತಾಡಲು ಯಾರೂ ಇರಲಿಲ್ಲ, ಅದಕ್ಕೆ. ಕೆಲವು ತಿಂಗಳಲ್ಲೇ ನೀಲವ್ವ ಒಯ್ಯುವ ಕೆಲಸ ನನಗೆ ಕೊಟ್ಟಳು.

"ನಿಮಗ ಈ ಊರಾಗ ಬಳಗಿಲ್ಲ. ಯಾರ ಮುಂದ ಹೇಳ್ತೀರಿ?"

ಹೊರಗಿನವಳಾಗಿದ್ದಕ್ಕೆ ಸಿಕ್ಕ ನಂಬಿಕೆ ಅದು. ಆಗ ಹೆಮ್ಮೆಪಟ್ಟೆ.

ಆ ಮಳೆಗಾಲದಲ್ಲಿ ಜೋಳ ಹೋಗುತ್ತಿದ್ದುದು ಕಾಶೀಂಬಿಯ ಮನೆಗೆ. ಗಂಡ ಎದೆನೋವಿನಿಂದ ಮಲಗಿ ಮಗ್ಗ ನಿಂತಿತ್ತು. ಅವಳು ಬೇರೆಯವರ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ದಿನ ದೂಡುತ್ತಿದ್ದಳು. "ಮೈಸೂರಾಗ ಅರಮನಿ ಐತಂತ, ಖರೆ ಏನ್ರಿ?" ಎಂದು ಕೇಳಿ, ಹಾಲಿಲ್ಲದ ಚಹಾ ಕೊಡುತ್ತಿದ್ದಳು. ಗುರುವಾರ ನಾವು ಹೋದಾಗ ಅವಳೂ ಎಲ್ಲರಂತೆ ಮುಂಬಾಗಿಲಲ್ಲಿ ಹಿಡಿ ತುಂಬಿಕೊಂಡು ನಿಂತಿರುತ್ತಿದ್ದಳು. ಸೋಮವಾರ ನಾನೇ ಒಯ್ದ ಜೋಳದಲ್ಲಿ ಒಂದು ಹಿಡಿ ಹೀಗೆ ಚೀಲಕ್ಕೆ ತಿರುಗಿ ಬರುತ್ತಿತ್ತು. ನನಗದನ್ನು ನೋಡಲಾಗುತ್ತಿರಲಿಲ್ಲ.

ನೀಲವ್ವ ಲಕ್ಷ್ಮೇಶ್ವರದ ತವರಿಗೆ ಹೋಗಿದ್ದ ವಾರ ಚೀಲ ನನ್ನ ಕೈಯಲ್ಲಿತ್ತು. ಕಾಶೀಂಬಿ ಮುಷ್ಟಿ ಚಾಚಿದಳು. ನಾನು ಚೀಲದ ಬಾಯಿ ಮಡಚಿದೆ. "ನಿಮ್ಮದು ಬೇಡ ಕಾಶೀಂಬಿ, ಮನೆಯಲ್ಲೇ ಇರಲಿ."

ಮೆಲ್ಲಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮೆಲ್ಲಗೆ ಹೇಳಿದ್ದರೆ ಎದುರು ಕಟ್ಟೆಯ ಮುದುಕಿಗೆ ಕೇಳುತ್ತಿರಲಿಲ್ಲ. ಜೊತೆಗಿದ್ದ ಇಬ್ಬರಿಗೆ ನನ್ನ ಕರುಣೆ ಕಾಣಲಿ ಎಂದೇ ಹೇಳಿದೆನೋ ಏನೋ. ಅದನ್ನು ಇಲ್ಲವೆನ್ನುವ ಧೈರ್ಯ ನನಗಿಲ್ಲ.

"ಹಂಗಾರ ನಮ್ಮ ಜ್ವಾಳ ಈಕಿ ಒಲಿಗೆ ಹೊಂಟೈತಿ ಅನ್ನು!" ಎಂದಳು ಮುದುಕಿ. ಕೆಟ್ಟತನವೇನಿಲ್ಲ, ಒಗಟು ಬಿಡಿಸಿದ ಖುಷಿ ಅಷ್ಟೆ. ಕಾಶೀಂಬಿಯ ಮುಷ್ಟಿ ಚಾಚಿದಂತೆಯೇ ಇತ್ತು. ನಾನು ಮುಂದಿನ ಮನೆಗೆ ಹೋದೆ.

ಸೋಮವಾರ ಹಿತ್ತಲ ಬಾಗಿಲು ತೆರೆಯಲಿಲ್ಲ. ಎರಡು ಸಲ ತಟ್ಟಿದೆ.

"ನಮ್ಮ ಮನ್ಯಾಗ ಐತ್ರಿ ಅಕ್ಕಾರ," ಒಳಗಿಂದಲೇ ಹೇಳಿದಳು. "ಬ್ಯಾರೆ ಮನಿ ನೋಡ್ರಿ."

ಮನೆಯಲ್ಲಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತಿತ್ತು.

ಊರಿಂದ ಬಂದ ನೀಲವ್ವ ಎಲ್ಲ ಕೇಳಿಸಿಕೊಂಡಳು. "ಕೊಡಾವ್ರಾಗ ಆಕಿನೂ ಒಬ್ಬಾಕಿ ಇದ್ಲರಿ. ಹಸಿವು ಒಂದ ಇತ್ತು ಆಕಿಗೆ. ನೀವು ನಾಚಿಕೀನೂ ಕೊಟ್ಟು ಬಂದ್ರಿ." ಗುಂಪಿನಿಂದ ನನ್ನನ್ನು ತೆಗೆಯಲಿಲ್ಲ. ಒಯ್ಯುವ ಕೆಲಸ ಮಾತ್ರ ಅವಳ ಸೊಸೆಗೆ ಹೋಯಿತು.

ತಿಂಗಳೊಳಗೆ ಕಾಶೀಂಬಿ ಸಂಸಾರ ಕಟ್ಟಿಕೊಂಡು ಶಿರಹಟ್ಟಿಯ ಅಣ್ಣನ ಮನೆಗೆ ಹೋದಳು. ಗಂಡನ ಔಷಧೋಪಚಾರಕ್ಕೆ ಅಣ್ಣನೇ ಕರೆಸಿಕೊಂಡನೆಂದು ಕೆಲವರು ಹೇಳಿದರು. ಹಾಗೆ ನಂಬುವುದು ನನಗೆ ಅನುಕೂಲ, ಆದ್ದರಿಂದಲೇ ನಂಬುವುದಿಲ್ಲ.

ಬೇಸಿಗೆ ರಜೆಗೆ ಮೈಸೂರಿಗೆ ಬಂದಾಗ ಇದನ್ನು ಅಮ್ಮನಿಗೆ ಹೇಳಿದೆ. "ಇಲ್ಲದವಳ ಹತ್ತಿರ ತಗೊಳ್ಳದೆ ಬಿಟ್ಟೆ. ಇದರಲ್ಲಿ ತಪ್ಪೇನೇ?" ಎಂದಳು. ಬಂದವರಿಗೆಲ್ಲ ನನ್ನ ಒಳ್ಳೆಯತನ ವರ್ಣಿಸಿದಳು. ನಿಮ್ಮಲ್ಲಿ ಕೆಲವರು ಆ ಜಗಲಿಯಲ್ಲೇ ಕೂತು ತಲೆದೂಗಿದಿರಿ. ನಾನು ತಿದ್ದಲಿಲ್ಲ. ಹೊಗಳಿಕೆ ಹಿತವಾಗಿತ್ತು, ಅದೂ ನಿಜ. ಆದರೆ ನನ್ನ ತಪ್ಪು ತಪ್ಪೆಂದೇ ಕಾಣದ ಊರಿನಲ್ಲಿ ನಿದ್ದೆ ಹತ್ತಲಿಲ್ಲ. ರಜೆ ಇನ್ನೂ ಹದಿನೈದು ದಿನ ಇರುವಾಗಲೇ ಹೊರಟೆ.

ಹುಬ್ಬಳ್ಳಿ ದಾಟಿದ ಮೇಲೆ, ವಿವರಿಸದೆಯೂ ನನ್ನ ತಪ್ಪನ್ನು ಬಲ್ಲವರ ಕಡೆಗೆ ರೈಲು ಹೋಗುತ್ತಿದೆ ಎಂದು ಸಮಾಧಾನವಾಯಿತು. ಅದಕ್ಕೇ ಹೆದರಿಕೆಯೂ ಆಯಿತು. "ಗದಗ ಬಂತ್ರಿ, ಇಳೀರಿ" ಎಂದರು ಯಾರೋ. ಟ್ರಂಕು ಹಿಡಿದು ಎದ್ದು, ಹಿಂದಿದ್ದವರಿಗೆಲ್ಲ ದಾರಿ ಬಿಟ್ಟು, ಎಲ್ಲರ ಕೊನೆಗೆ ಇಳಿದೆ.