ತಪ್ಪೆಲ್ಲ ಭಟ್ಟಿಯದು

ನಸುಕಿನ ಸುಬಹಿ ನಮಾಜು ಮುಗಿಸಿದವರು ಮಸೀದಿಯ ಬಾಗಿಲಲ್ಲಿ ತಮ್ಮ ಚಪ್ಪಲಿ ಹುಡುಕಿಕೊಳ್ಳುತ್ತಿರುವ ಹೊತ್ತಿಗೆ, ಬೂಸಲ್ಹಾಮ್ ಒಂದು ಚಿಟಿಕೆ ಹಿಟ್ಟನ್ನು ಭಟ್ಟಿಯ ಒಳನೆಲಕ್ಕೆ ಎಸೆದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಹಿಟ್ಟು ಕಪ್ಪಾದರೆ ಕಾವು ಹೆಚ್ಚು, ಬೆಳ್ಳಗೇ ಉಳಿದರೆ ಕಡಿಮೆ. ಈ ಬೆಳಗ್ಗೆ ಅದು ನಿಧಾನವಾಗಿ ಹುರಿಗಡಲೆಯ ಬಣ್ಣಕ್ಕೆ ತಿರುಗುತ್ತದೆ. "ಎದ್ಲು," ಎನ್ನುತ್ತಾರೆ ಬೂಸಲ್ಹಾಮ್. ಹೆಂಡತಿ ಎದ್ದ ಸುದ್ದಿಯಲ್ಲ. ಭಟ್ಟಿಯ ಸುದ್ದಿ.

ವಝ್ಝಾನ್ ಪಟ್ಟಣದ ಹಳೇಪೇಟೆಯಲ್ಲಿ, ಉಣ್ಣೆ ನೇಯುವವರ ಓಣಿಯ ತಿರುವಿನಲ್ಲಿ ಈ ಭಟ್ಟಿಯಿದೆ. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಆಲಿವ್ ಹಿಂಡಿಯೇ ಇದರ ಸೌದೆ. ಭಟ್ಟಿಯ ಬಾಯಿ ನೆಲಮಟ್ಟಕ್ಕಿರುವುದರಿಂದ, ಅದರ ಮುಂದೆ ತೋಡಿದ ಗುಂಡಿಯೊಳಗೆ ನಿಂತು ಬೂಸಲ್ಹಾಮ್ ಕೆಲಸ ಮಾಡುತ್ತಾರೆ. ಓಣಿಯವರಿಗೆ ಅವರು ಕಾಣುವುದು ಸೊಂಟದಿಂದ ಮೇಲಕ್ಕೆ ಮಾತ್ರ. ಮದುವೆಮನೆಯಲ್ಲಿ ಅವರು ಪೂರ್ತಿಯಾಗಿ ಪ್ರತ್ಯಕ್ಷರಾದಾಗ, ಇಷ್ಟು ಎತ್ತರದ ಆಳೇ ಎಂದು ಬೆರಗಾದವರಿದ್ದಾರೆ.

ಈ ಓಣಿಯಲ್ಲಿ ರೊಟ್ಟಿ ಕೊಳ್ಳುವುದೆಂದರೆ ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಿದ್ದಾರೆ ಎಂದರ್ಥ. ಹಿಟ್ಟು ಮನೆಯಲ್ಲೇ ನಾದಿ, ದುಂಡಗೆ ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿ ಇಲ್ಲಿಗೆ ಕಳಿಸುತ್ತಾರೆ. ಬೆಂದದ್ದನ್ನು ಮಧ್ಯಾಹ್ನಕ್ಕೆ ಮುಂಚೆ ಒಯ್ಯುತ್ತಾರೆ. ಗ್ಯಾಸಿನ ಓವನ್ ಇರುವ ಮನೆಗಳೂ ಉಂಟು. ಅದರೊಳಗೆ ಖಾಲಿ ಬಾಣಲೆಗಳನ್ನು ಜೋಡಿಸಿಡುತ್ತಾರೆ. ಯಾವ ರೊಟ್ಟಿ ಯಾರ ಮನೆಯದೆಂದು ಬೂಸಲ್ಹಾಮ್‌ಗೆ ಚೀಟಿ ಬೇಕಿಲ್ಲ. ಒಬ್ಬರದು ಬೆರಳಿನಿಂದ ಚುಚ್ಚಿದ್ದು, ಒಬ್ಬರದು ಎಳ್ಳು ಮೆತ್ತಿದ್ದು, ಲಲ್ಲಾ ತಾಮು ಅವರದು ಸೋಂಪು ಹಾಕಿದ್ದು. ಸೋಂಪಿನ ವಾಸನೆ ಓಣಿಯ ತಿರುವಿನಲ್ಲೇ ಅವರ ಹೆಸರು ಹೇಳುತ್ತದೆ. ಹೆಸರಿನ ಹಿಂದಿನ 'ಲಲ್ಲಾ' ಇಲ್ಲಿ ಹೆಂಗಸರಿಗೆ ಕೊಡುವ ಮರ್ಯಾದೆ, ಅಮ್ಮಾವ್ರು ಎಂದ ಹಾಗೆ.

ಆದರೆ ಬೂಸಲ್ಹಾಮ್ ಅವರ ನಿಜವಾದ ಕಸುಬು ಬೇಯಿಸುವುದಲ್ಲ. ರೊಟ್ಟಿ ಚೆನ್ನಾಗಿ ಬಂದರೆ ಅವರು ಹೇಳುವುದು, "ನಿಮ್ಮ ಕೈಗುಣ, ಲಲ್ಲಾ." ಕೆಟ್ಟರೆ, "ಭಟ್ಟಿ ಕೈಕೊಟ್ಟಿತು, ಲಲ್ಲಾ." ಹುಳಿ ಹೆಚ್ಚಾದರೂ ಭಟ್ಟಿ, ಉಬ್ಬದಿದ್ದರೂ ಭಟ್ಟಿ, ನಡುವೆ ಬಿರುಕು ಬಿಟ್ಟರೂ ಭಟ್ಟಿ. ಪಾಪ, ಭಟ್ಟಿಗೆ ಬಾಯಿ ಇದೆಯಾದರೂ ಮಾತಿಲ್ಲ. ಹಿಂದೊಮ್ಮೆ ಲಲ್ಲಾ ಹನಿಯಾ ಹಿಟ್ಟಿಗೆ ಎರಡು ಸಲ ಉಪ್ಪು ಸುರಿದಾಗ ಮಾತ್ರ ಬೂಸಲ್ಹಾಮ್‌ಗೂ ಕಷ್ಟವಾಯಿತು. ಆದರೂ ಬಿಡಲಿಲ್ಲ. "ಈ ಸಲದ ಹಿಂಡಿ ಸರಿ ಇಲ್ಲ, ಹೊಗೇಲೇ ಉಪ್ಪಿದೆ," ಎಂದರಂತೆ. ಯಾರೂ ನಂಬಲಿಲ್ಲ. ಹನಿಯಾ ಈಗ ಮೊಮ್ಮಕ್ಕಳನ್ನು ಕಂಡವರು. ಓಣಿಗೆ ಇನ್ನೂ 'ಉಪ್ಪಿನ ಹನಿಯಾ.'

"ನಮ್ಮೂರಲ್ಲಿ ಅಡ್ಡಹೆಸರು ಅಂಟಿದ್ರೆ ಹಿಟ್ಟು ಅಂಟಿದ ಹಾಗಲ್ಲ, ತೊಳೆದ್ರೆ ಹೋಗಲ್ಲ," ಎನ್ನುತ್ತಾರೆ ಬೂಸಲ್ಹಾಮ್. "ನನಗೇನು? ಗುಂಡಿಯೊಳಗೆ ನಿಂತೋನು. ನಾಲ್ಕು ಜನ ಬೈದ್ರೆ ತಲೆ ಮೇಲಿಂದ ಹಾದು ಹೋಗುತ್ತೆ."

ಇದಕ್ಕೆ ಒಂದು ಅಪವಾದ ಇದೆ ಎಂದು ಅವರ ಹೆಂಡತಿ ರಕಿಯಾ, ಭಟ್ಟಿಯ ಬಗ್ಗೆ ಬರೆಯಲು ಬಂದವರಿಗೆ ಒಳಗಿನಿಂದಲೇ ಕೂಗಿ ಹೇಳುತ್ತಾರೆ: "ನಮ್ಮನೆ ರೊಟ್ಟಿ ಕೆಟ್ರೆ ಮಾತ್ರ ಹಿಟ್ಟಿನ ತಪ್ಪು! ಅದನ್ನೂ ಬರ್ಕೊಳ್ಳಿ!"

ಗುಡ್ಡದ ಮೇಲಿನ ಹಳ್ಳಿಯಿಂದ ಸೋದರಮಾವನ ಭಟ್ಟಿಗೆ ಕೆಲಸ ಕಲಿಯಲು ಬಂದವರು ಬೂಸಲ್ಹಾಮ್. ಮಾವ ತೀರಿಕೊಂಡ ಮೇಲೆ ಸಲಿಕೆ ಇವರ ಕೈಗೆ ಬಂತು, 'ಮಾಲೆಮ್' ಅಂದರೆ ಉಸ್ತಾದ್ ಎಂಬ ಹೆಸರು ಬಂತು, ತಪ್ಪು ಹೊರುವ ಪದ್ಧತಿಯೂ ಜೊತೆಗೇ ಬಂತು. ಮುಂಗೈಯಲ್ಲಿ ಕೂದಲು ಬೆಳೆಯುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಹೊಗೆ ಕುಡಿದು ಕುಡಿದು ಕಣ್ಣು ಸದಾ ಅತ್ತಂತೆ ಕೆಂಪು. ಹೊಸಬರು ಸಾಂತ್ವನ ಹೇಳಲು ಬರುತ್ತಾರೆ. ಜುಲೈ ತಿಂಗಳಲ್ಲಿ ಗುಂಡಿಯೊಳಗೆ ನಿಲ್ಲುವುದು ಹೇಗಿರುತ್ತದೆ ಎಂದು ಕೇಳಿದರೆ, "ರೊಟ್ಟಿಗೂ ನನಗೂ ಒಂದೇ ವ್ಯತ್ಯಾಸ. ಅದನ್ನ ಹೊರಗೆ ತೆಗೀತಾರೆ," ಎಂದು ನಗುತ್ತಾರೆ.

ಇಷ್ಟೆಲ್ಲ ಇದ್ದೂ ಈ ಬೆಳಗ್ಗೆ ಗೋಡೆಯ ಕಪಾಟಿನಲ್ಲಿ ಹಲಗೆಗಳು ವಿರಳ. ರಂಜಾನಿಗೆ ಮುಂಚಿನ ಶಾಬಾನ್ ತಿಂಗಳೆಂದರೆ ಇಲ್ಲಿ ಕಾಲಿಡಲು ಜಾಗವಿರಬಾರದು. ಉಪವಾಸದ ತಿಂಗಳಿಗೆ ಬೇಕಾದ ಸೆಲ್ಲು ಎಂಬ ಸಿಹಿಪುಡಿಗೆ ಹಿಟ್ಟು, ಎಳ್ಳು, ಬಾದಾಮಿ ಹುರಿಸಲು ಹೆಂಗಸರೇ ಖುದ್ದಾಗಿ ಬಂದು ಕೂರುತ್ತಾರೆ. ಹುರಿದ ಬಾದಾಮಿಯ ವಿಷಯದಲ್ಲಿ ಈ ಓಣಿ ಯಾರನ್ನೂ ನಂಬುವುದಿಲ್ಲ. ಅದರ ಬೆನ್ನಿಗೇ ಹಬ್ಬದ ಬಿಸ್ಕತ್ತಿನ ಟ್ರೇಗಳು. ಭಟ್ಟಿ ವರ್ಷವಿಡೀ ಉಸಿರಾಡುವುದು ಆ ಟ್ರೇಗಳಿಂದ. ಅವು ಬರದಿದ್ದರೆ ಬೇಸಿಗೆ ದಾಟುವ ಮೊದಲೇ ಬೆಂಕಿ ಆರಿಸಬೇಕಾಗುತ್ತದೆ ಎನ್ನುವುದು ಬೂಸಲ್ಹಾಮ್‌ಗೂ ಗೊತ್ತು, ರಕಿಯಾಗೂ ಗೊತ್ತು.

ಹಲಗೆ ಕಡಿಮೆಯಾದದ್ದು ಒಂದು ಮದುವೆಯಿಂದ. ಲಲ್ಲಾ ತಾಮು ಅವರ ಮಗನಿಗೆ ಕಾಸಾಬ್ಲಾಂಕಾದ ಹುಡುಗಿ ಗಿಝ್ಲಾನ್ ಸೊಸೆಯಾಗಿ ಬಂದಳು. ಹೊಸ ಸೊಸೆ ಮೊದಲ ಸಲ ನಾದಿದ ರೊಟ್ಟಿಯನ್ನು, ಅವಳೇ ಕಸೂತಿ ಹಾಕಿದ ಬಟ್ಟೆ ಹೊದಿಸಿ ಭಟ್ಟಿಗೆ ಕಳಿಸಿ, ಬೆಂದ ಮೇಲೆ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುವುದು ಇಲ್ಲಿನ ರೂಢಿ. ಬಟ್ಟೆಯ ಕಸೂತಿ ಸೊಗಸಾಗಿತ್ತು. ಅದರ ಕೆಳಗಿನ ಹಿಟ್ಟು ಸತ್ತು ಮಲಗಿತ್ತು. ಬೂಸಲ್ಹಾಮ್ ಕಾದರು, ಕಾವಿನ ಹತ್ತಿರ ಇಟ್ಟರು, ಮೇಲೆ ತಮ್ಮ ಉಣ್ಣೆಯ ನಿಲುವಂಗಿ ಜಿಲ್ಲಾಬಾ ಹೊದಿಸಿದರು. ಅದು ಉಬ್ಬಲಿಲ್ಲ. ಬೆಂದು ಬಂದದ್ದು ಪಾತ್ರೆಯ ಮುಚ್ಚಳದಂಥ ರೊಟ್ಟಿ.

ಅತ್ತೆ ಆ ಮುಚ್ಚಳಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದು ಗುಂಡಿಯ ಅಂಚಿನಲ್ಲಿ ನಿಂತರು.

"ಏನಿದು, ಮಾಲೆಮ್?"

"ನನ್ನದೇ ತಪ್ಪು ಲಲ್ಲಾ. ಕಣ್ಣು ತಪ್ಪಿತು. ಭಟ್ಟಿ ತಣ್ಣಗಿತ್ತು."

"ನನ್ನ ಸೊಸೆಯ ಮೊದಲನೇ ಹಲಗೆ ದಿವಸವೇ ತಣ್ಣಗಾಗಬೇಕಿತ್ತಾ ನಿನ್ನ ಭಟ್ಟಿ? ಏಳು ಮನೆಗೆ ಏನು ಹಂಚಲಿ, ಇದನ್ನಾ? ಹಲ್ಲಿರೋರ ಮನೆ ಯಾವುದು ಅಂತ ಕೇಳ್ಕೊಂಡು ಹೋಗ್ಲಾ?"

"ಕ್ಷಮಿಸಿ ಲಲ್ಲಾ."

"ವಯಸ್ಸಾಯ್ತು ನಿನಗೆ. ಈ ಸಲ ಹಬ್ಬದ ಟ್ರೇ ದೊಡ್ಡರಸ್ತೆಯ ಕರೆಂಟು ಭಟ್ಟಿಗೆ ಹೋಗ್ತವೆ."

ಲಲ್ಲಾ ತಾಮು ಅವರ ಟ್ರೇ ಹೋದ ದಾರಿಯಲ್ಲೇ ಓಣಿಯ ಟ್ರೇಗಳೆಲ್ಲ ಹೋಗುತ್ತವೆ. ಮರುದಿನದಿಂದಲೇ ಕಪಾಟು ಖಾಲಿಯಾಗತೊಡಗಿತು. ನಿಜ ಹೇಳಿಬಿಡಿ ಎಂದು ರಕಿಯಾ ಜಗಳವಾಡಿದರು. ಬೂಸಲ್ಹಾಮ್ ಒಪ್ಪಲಿಲ್ಲ. "ನಾನು ಬಾಯಿ ಬಿಟ್ರೆ ಆ ಹುಡುಗಿ ಸಾಯೋವರೆಗೆ 'ಮುಚ್ಚಳದ ಗಿಝ್ಲಾನ್.' ಬಂದು ಇನ್ನೂ ಮೆಹಂದಿ ಆರಿಲ್ಲ. ಅವಳಿಗೆ ಇರೋದು ಒಂದೇ ಹೆಸರು. ನನಗೆ ಭಟ್ಟಿ ಹೋದ್ರೆ ಇನ್ನೊಂದು ಕೆಲಸ," ಎನ್ನುತ್ತಾರೆ. ಯಾವ ಕೆಲಸ ಎಂದು ಕೇಳಿದರೆ ಸಲಿಕೆ ಒರೆಸತೊಡಗುತ್ತಾರೆ.

ಬಿಸಿಲು ಓಣಿಗಿಳಿಯುವ ಹೊತ್ತಿಗೆ ನಾಲ್ಕಾರು ಹೆಂಗಸರು ಹಿಟ್ಟಿನ ತಟ್ಟೆ ಹಿಡಿದು ಬಂದು ಕೂತಿದ್ದಾರೆ. ಉಪ್ಪಿನ ಹನಿಯಾ ಅವರೂ ಇದ್ದಾರೆ. ಅಷ್ಟರಲ್ಲಿ ತಿರುವಿನಲ್ಲಿ ಗಿಝ್ಲಾನ್ ಕಾಣಿಸುತ್ತಾಳೆ. ತಲೆಯ ಮೇಲೆ ಹಲಗೆ. ಹಿಡಿದುಕೊಂಡ ರೀತಿಯಲ್ಲೇ ಗೊತ್ತಾಗುತ್ತದೆ, ಇದುವರೆಗೆ ತಲೆಯ ಮೇಲೆ ಏನನ್ನೂ ಹೊತ್ತವಳಲ್ಲ. ಅವಳ ಹಿಂದೆ, ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ, ಲಲ್ಲಾ ತಾಮು ಏದುಸಿರು ಬಿಡುತ್ತ ಬರುತ್ತಿದ್ದಾರೆ. "ನಿಲ್ಲೇ! ಎಲ್ಲಿಗೇ? ಆ ಭಟ್ಟಿ ಬೇಡ ಅಂದೆನಲ್ಲ!"

ಗಿಝ್ಲಾನ್ ಹಲಗೆಯನ್ನು ಗುಂಡಿಯ ಅಂಚಿಗಿಳಿಸುತ್ತಾಳೆ. ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳುತ್ತಾಳೆ: "ಮಾಲೆಮ್, ಅವತ್ತಿಂದು ಭಟ್ಟಿ ತಪ್ಪಲ್ಲ. ಬೇಗ ಉಬ್ಬಲಿ ಅಂತ ನಾನು ಈಸ್ಟಿಗೆ ಕುದಿಯೋ ನೀರು ಹುಯ್ದೆ."

ಬೂಸಲ್ಹಾಮ್ ತಲೆ ಎತ್ತುವುದಿಲ್ಲ. "ಇಲ್ಲ ಮಗಳೇ. ಭಟ್ಟಿ ತಪ್ಪೇ."

"ಈಸ್ಟು ಸತ್ತೋಗಿತ್ತು!"

"ಸತ್ತಿರ್ಲಿಲ್ಲ, ಸುಸ್ತಾಗಿತ್ತು. ಭಟ್ಟಿ ಎಬ್ಬಿಸಬೇಕಿತ್ತು, ಎಬ್ಬಿಸ್ಲಿಲ್ಲ."

"ಅಯ್ಯೋ, ನಾನೇ ಕೊಂದೆ ಅಂತಿದೀನಲ್ಲ!" ಹುಡುಗಿ ಅತ್ತೆಯ ಕಡೆ ತಿರುಗುತ್ತಾಳೆ. "ಲಲ್ಲಾ, ನಮ್ಮಮ್ಮ ರೊಟ್ಟಿ ಅಂಗಡಿಯಿಂದ ತರ್ತಾರೆ. ನನಗೆ ನಾದೋದು ಗೊತ್ತಿರ್ಲಿಲ್ಲ. ನಿಮ್ಮನ್ನ ಕೇಳೋಕೆ ಹೆದರಿಕೆ ಆಯ್ತು. ಇವರು ತಪ್ಪು ತಮ್ದು ಅಂದಾಗ ಸುಮ್ಮನಾದೆ. ಈಗ ಇವರ ಭಟ್ಟೀನೇ ಮುಚ್ಚುತ್ತೆ ಅಂತಿದಾರೆ."

ಹೆಂಗಸರು ತಟ್ಟೆ ಕೆಳಗಿಟ್ಟು ಹತ್ತಿರ ಸರಿಯುತ್ತಾರೆ. ಲಲ್ಲಾ ತಾಮು ಸೊಸೆಯನ್ನು ನೋಡುತ್ತಾರೆ, ಗುಂಡಿಯೊಳಗಿನ ಮನುಷ್ಯನನ್ನು ನೋಡುತ್ತಾರೆ. ಮುಖದಲ್ಲಿ ಸಿಟ್ಟು ಬರಬೇಕಾದ ಜಾಗಕ್ಕೆ ಮೆಲ್ಲಗೆ ಒಂದು ಅನುಮಾನ ಬರುತ್ತದೆ.

"ಮಾಲೆಮ್, ನನ್ನ ಮಗನ ಮುಂಜಿಗೆ ಮಾಡಿದ ಗ್ರೀಬಾ ಬಿಸ್ಕತ್ತು. ಎಲ್ಲಾ ಕರಗಿ ಕೂಡ್ಕೊಂಡು ಒಂದೇ ಚಾಪೆ ಆಗಿತ್ತಲ್ಲ. ಅದು?"

"ಭಟ್ಟಿ, ಲಲ್ಲಾ."

"ಬೆಣ್ಣೆ ಜಾಸ್ತಿ ಆಗಿರ್ಲಿಲ್ವಾ?"

"ಬೆಣ್ಣೆನಾ? ನಿಮ್ಮ ಕೈಲಾ?" ಬೂಸಲ್ಹಾಮ್ ಈ ಉತ್ತರವನ್ನು ಸ್ವಲ್ಪ ಬೇಗನೇ ಕೊಡುತ್ತಾರೆ. "ಪೂರ್ತಿ ಭಟ್ಟಿ!"

ಮೊದಲು ನಗುವವರು ಹನಿಯಾ. "ಹಾಗಾದ್ರೆ ನನ್ನ ಉಪ್ಪು?"

"ಹೊಗೆ," ಎನ್ನುತ್ತಾರೆ ಬೂಸಲ್ಹಾಮ್, ಗಂಭೀರವಾಗಿ. ಆಮೇಲೆ ತಡೆಯುವವರಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಹಳೇ ಸುಟ್ಟದ್ದು, ಸೀದದ್ದು, ಬಿರುಕು ಬಿಟ್ಟದ್ದನ್ನೆಲ್ಲ ಹೊರತೆಗೆದು ಕೇಳುತ್ತಾರೆ. ಗುಂಡಿಯೊಳಗಿಂದ ಒಂದೇ ಉತ್ತರ ಬರುತ್ತದೆ. ಲಲ್ಲಾ ತಾಮು ನಗುವುದಿಲ್ಲ. ಮೆಟ್ಟಿಲ ಮೇಲೆ ಕೂತು ಉಸಿರು ಹಿಡಿದುಕೊಂಡು ಹನಿಯಾ ಅವರನ್ನು ಕೇಳುತ್ತಾರೆ:

"ಮೊನ್ನೆ ನೀನು ಆ ಕರೆಂಟು ಭಟ್ಟಿಗೆ ಹೋಗಿದ್ಯಲ್ಲ, ಅಲ್ಲಿನ ಹುಡುಗ ಏನಂದ?"

"'ಚಿಕ್ಕಮ್ಮಾ, ಭಟ್ಟಿ ಸರಿಯಾಗೇ ಇದೆ, ನಿಮ್ಮ ಹಿಟ್ಟೇ ಸರಿ ಇಲ್ಲ' ಅಂದ. ಗಿರಾಕಿಗಳ ಮುಂದೆ."

"ಸುಳ್ಳಾ?"

"ನಿಜಾನೇ ಕಣೇ. ಅದಕ್ಕೇ ಮೈ ಉರೀತು."

ಲಲ್ಲಾ ತಾಮು ಎದ್ದು ಸೆರಗು ಸರಿಮಾಡಿಕೊಳ್ಳುವವರಂತೆ ತಲೆವಸ್ತ್ರ ಬಿಗಿದುಕೊಳ್ಳುತ್ತಾರೆ. "ನನ್ನ ಟ್ರೇ ಇಲ್ಲಿಗೇ ಬರ್ತವೆ, ಮಾಲೆಮ್. ಈ ವಯಸ್ಸಲ್ಲಿ ದೊಡ್ಡರಸ್ತೆಲಿ ನಿಂತು ನಿಜ ಕೇಳಿಸ್ಕೊಳ್ಳೋ ಶಕ್ತಿ ನನಗಿಲ್ಲ."

ಗಿಝ್ಲಾನಳ ಹಲಗೆ ಒಳಗೆ ಹೋಗುತ್ತದೆ. ಈ ಸಲ ರೊಟ್ಟಿ ಉಬ್ಬಿದೆ, ಆದರೆ ಒಂದೇ ಮಗ್ಗುಲಿಗೆ, ಟೋಪಿ ಓರೆಯಾಗಿಟ್ಟವರ ಹಾಗೆ. ಎಲ್ಲರೂ ಬೂಸಲ್ಹಾಮ್ ಅವರನ್ನೇ ನೋಡುತ್ತಾರೆ. ಅವರು ರೊಟ್ಟಿಯನ್ನು ತಿರುಗಿಸಿ, ಬೆನ್ನು ತಟ್ಟಿ, ತುಸು ಯೋಚಿಸುತ್ತಾರೆ. "ಇವತ್ತು ಭಟ್ಟೀಲಿ ಎಡಗಡೆ ಕಾವು ಜಾಸ್ತಿ."

ಲಲ್ಲಾ ತಾಮು ಬಿಸಿಬಿಸಿ ರೊಟ್ಟಿ ಮುರಿದು, ಅರ್ಧ ತಾವು ಬಾಯಿಗಿಟ್ಟು, ಅರ್ಧ ಸೊಸೆಗೆ ಕೊಡುತ್ತಾರೆ. ಅಗಿಯುತ್ತಲೇ ಹೇಳುತ್ತಾರೆ, "ನಾಳೆ ನೀರು ನಾನು ಕಾಯಿಸಿ ಕೊಡ್ತೀನಿ. ಬೆರಳು ಹಾಕಿ ನೋಡೋದು ಕಲಿ." ಹಲಗೆಯ ಮಿಕ್ಕ ರೊಟ್ಟಿಗಳು ಏಳು ಮನೆಗೆ ಹೋಗುತ್ತವೆ.

ಕಪಾಟು ಮಧ್ಯಾಹ್ನಕ್ಕೆ ತುಂಬಿಕೊಳ್ಳುತ್ತದೆ. ಆದರೂ ಬೂಸಲ್ಹಾಮ್ ಮುಖ ಸ್ವಲ್ಪ ಊದಿಕೊಂಡೇ ಇದೆ. "ಆ ಹುಡುಗಿ ಒಳ್ಳೇದು ಮಾಡ್ದೆ ಅಂದ್ಕೊಂಡಿದಾಳೆ. ಇನ್ಮೇಲೆ ಭಟ್ಟಿ ತಪ್ಪು ಅಂದ್ರೆ ಯಾರು ನಂಬ್ತಾರೆ? ಇಷ್ಟು ವರ್ಷದ ಕಸುಬು!" ನಂಬುವ ಅಗತ್ಯವಿಲ್ಲ, ಹೇಳಿದರೆ ಸಾಕು ಎಂದು ರಕಿಯಾ ಚಹಾ ಇಟ್ಟು ಹೋಗುತ್ತಾರೆ. ಬೂಸಲ್ಹಾಮ್‌ಗೆ ಅದರಿಂದ ಸಮಾಧಾನವಾದಂತೆ ಕಾಣುವುದಿಲ್ಲ.

ಅದಿರಲಿ, ಈಗ ಎಲ್ಲರಿಗೂ ತಿಳಿದೇ ಹೋಗಿದೆಯಲ್ಲ. ಇಷ್ಟು ವರ್ಷಗಳಲ್ಲಿ ನಿಜಕ್ಕೂ ಕೆಟ್ಟ ಹಿಟ್ಟು ತಂದವರು ಯಾರು ಯಾರು ಎಂದು ಕೇಳಿದರೆ, ಬೂಸಲ್ಹಾಮ್ ಚಹಾದ ಲೋಟ ಕೆಳಗಿಡುತ್ತಾರೆ. ಕೆಂಪು ಕಣ್ಣು ಒರೆಸಿಕೊಂಡು ನೆಟ್ಟಗೆ ನೋಡುತ್ತಾರೆ.

"ಬರ್ಕೊಳ್ಳಿ. ಈ ಓಣೀಲಿ ಇವತ್ತಿನವರೆಗೆ ಒಂದು ಮನೆಯವರೂ ಕೆಟ್ಟ ಹಿಟ್ಟು ನಾದಿಲ್ಲ."