ಮಳೆಗೆ ನಿಂತ ಫೈನಲ್

ಫುಟ್‌ಬಾಲ್ ಕಪ್ಪಿನ ಫೈನಲ್ ದಿನ ಹಸುಗಳಿಗೆ ಮೇವು ಹಾಕಿ, ಮಧ್ಯಾಹ್ನ ಕಾಮಸಮುದ್ರದಲ್ಲಿ ಬಸ್ಸು ಹತ್ತಿದೆ. ಆಂಡರ್ಸನ್‌ಪೇಟೆಯ ಮುರುಗೇಶಣ್ಣನಿಗೆ ಸುಳ್ಳು ಹೇಳಲು ಹೊರಟಿದ್ದೆ. ಇಂಥ ಕೆಲಸಕ್ಕೆ ನಾನು ಪ್ರಯಾಣ ಮಾಡಿದ್ದು ಅದೇ ಮೊದಲು.

ಚಿನ್ನದ ಗಣಿ ಮುಚ್ಚುವವರೆಗೂ ನಾವಿಬ್ಬರೂ ಅಲ್ಲೇ ದುಡಿದವರು, ಗಣಿಯ ತಂಡಕ್ಕೇ ಆಡಿದವರು. ಅವನು ಗೋಲ್‌ಕೀಪರ್, ನಾನು ಬ್ಯಾಕ್. ಈಗ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿದೆ, ಗಣಿಯ ಧೂಳು ಎದೆಯಲ್ಲಿ ಕೂತಿದೆ. ತಾನೇ ತಯಾರು ಮಾಡಿದ ಕೀಪರ್ ಕುಮಾರನಿಗೆ ಮಗಳು ಕಲಾಳನ್ನು ಕೊಟ್ಟಿದ್ದ. ಕುಮಾರ ದೂರದ ಊರಿನ ಕ್ಲಬ್ಬಿಗೆ ಆಡುತ್ತಾನೆ, ಕಲಾ ಅಪ್ಪನ ಜೊತೆಯಲ್ಲೇ ಇದ್ದಾಳೆ. ಪ್ರತಿವರ್ಷ ಈ ಕಪ್ಪು ಶುರುವಾದರೆ ನಾನು ಹೋಗಿ, ಮೊಬೈಲಿನಲ್ಲಿ ಆಟ ನೋಡುತ್ತ ಮುರುಗೇಶಣ್ಣನಿಗೆ ಹೇಳುತ್ತೇನೆ.

ಸೋತವರು ಅಂದೇ ಗಂಟು ಕಟ್ಟುವ ಕಪ್ಪು ಇದು. ಅವರ ಮನೆಯಲ್ಲಿ ಅದಕ್ಕೊಂದು ಪದ್ಧತಿಯಿದೆ. ತಂಡ ಉಳಿದಿರುವಷ್ಟು ದಿನ ಆಟಗಾರನ ಹಳೆಯ ಜರ್ಸಿ ಬಾಗಿಲ ಪಕ್ಕದ ಮೊಳೆಗೆ ತೂಗುತ್ತದೆ, ಅದಕ್ಕೆ ನೀರು ಸೋಕಿಸುವುದಿಲ್ಲ. ಸೋತ ದಿನ ಒಗೆದು ಮಡಿಸಿಡುತ್ತಾರೆ. ಆಮೇಲೆ ಆಟಗಾರ ಮನೆಗೆ ಬರುತ್ತಾನೆ.

ಈ ಸಲ ಕುಮಾರನ ತಂಡ ಸೆಮಿಫೈನಲ್‌ನಲ್ಲೇ ಸೋತಿತು. ಕುಮಾರ ಬರಲಿಲ್ಲ.

"ಇನ್ಮೇಲೆ ಬರಲ್ಲ ಅಂತ ಸ್ನೇಹಿತರ ಕೈಲಿ ಹೇಳಿಸವ್ರೆ ಮಾಮಾ. ಅಲ್ಲಿ ಬೇರೆ ಸಂಸಾರ ಆಗಿದ್ಯಂತೆ," ಎಂದು ಕಲಾ ಫೋನಿನಲ್ಲಿ ಅತ್ತಿದ್ದಳು. "ಅಪ್ಪಂಗೆ ಗೆದ್ರು ಅಂತ ಹೇಳ್ಬಿಟ್ಟಿದೀನಿ. ನೀವು ಬಂದು ಹೇಗಾದ್ರೂ ಫೈನಲ್ ಆಡಿಸ್ಬಿಡಿ."

ಬಂಗಾರಪೇಟೆಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಆ ಊರಿಗೆ ಹೋಗಿ ಪಾನಿಪುರಿ ತಿನ್ನದೆ ಬಂದವನಲ್ಲ ನಾನು. ಅಂದು ಕೊಂಡ ಪ್ಲೇಟನ್ನು ಅರ್ಧಕ್ಕೇ ಬಿಟ್ಟೆ. ಹತ್ತು ರೂಪಾಯಿ ಟಿಕೆಟ್ಟಿನ ಮಾರಿಕುಪ್ಪಂ ರೈಲು ಹಿಡಿದೆ. ಊರಿಗಾಂ ದಾಟುವಾಗ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಎದ್ದ ಬಿಳಿ ಧೂಳು ಕಿಟಕಿಗೆ ಬಡಿಯಿತು. ಸ್ಟೇಷನ್ನಿನಿಂದ ಆಟೋದಲ್ಲಿ ಮನೆ ತಲುಪಿದೆ.

ಜರ್ಸಿ ಮೊಳೆಯಲ್ಲೇ ಇತ್ತು. ಕಲಾ ನನ್ನನ್ನು ಕೂರಿಸಿ, ಹಾಲು ತರಲು ಅಂಗಡಿಗೆ ಹೋದಳು. ಅವಳ ಚಪ್ಪಲಿ ಸದ್ದು ದೂರವಾಗುತ್ತಲೇ ಮುರುಗೇಶಣ್ಣ ನನ್ನ ಮಣಿಕಟ್ಟು ಹಿಡಿದ.

"ಲೇ ನಾರಾಯಣ, ಸೆಮಿ ಸೋತ್ರಲ್ವಾ?"

"ಯಾರಣ್ಣ ಅಂದಿದ್ದು?"

"ಜರ್ಸಿ ಒಗ್ದವ್ಳೆ ಕಣ್ಲಾ. ಸೋತ ದಿನ ಅಭ್ಯಾಸದ ಮೇಲೆ ಒಗ್ದುಬಿಟ್ಟು, ಆಮೇಲೆ ತಿರ್ಗಾ ನೇತಾಕವ್ಳೆ. ಕಣ್ಣೋದ್ರೆ ಮೂಗೂ ಓಯ್ತಾ? ಬಾಗ್ಲತ್ರ ಬರೀ ಸೋಪಿನ ವಾಸ್ನೆ."

"ಮತ್ತೆ ಅವಳ್ನೇ ಕೇಳ್ಬಾರ್ದಾ?"

ಅವನಿಗೆ ಕೆಮ್ಮು ಬಂತು. ಉಸಿರು ಹದಕ್ಕೆ ಬರುವವರೆಗೂ ನನ್ನ ಕೈ ಬಿಡಲಿಲ್ಲ.

"ಆಟ ಮುಗೀತು ಅಂದ್ರೆ, ಅಳಿಯ ಯಾಕ್ ಬರ್ಲಿಲ್ಲ ಅಂತ ನಾನು ಕೇಳ್ಬೇಕು. ಬಿಟ್ಟೋದ ಅಂತ ಅವ್ಳು ಬಾಯ್ಬಿಟ್ಟು ಅನ್ಬೇಕು. ಅದು ಬ್ಯಾಡಪ್ಪಾ. ಅವ್ನು ಆಡ್ತಾನೇ ಇರ್ಲಿ."

ಕಲಾ ಬಂದಳು. ನಾನು ಮೊಬೈಲಿನ ಸದ್ದು ಅಡಗಿಸಿ ಶುರು ಮಾಡಿದೆ. ಪರದೆಯ ಮೇಲೆ ಬೇರೆ ಯಾವುದೋ ಎರಡು ತಂಡಗಳ ಫೈನಲ್ ನಡೆಯುತ್ತಿತ್ತು. ನನ್ನ ಬಾಯಲ್ಲಿ ಕುಮಾರ ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಒಂದು ಚೆಂಡನ್ನೂ ಬಿಡಲಿಲ್ಲ. "ಸಬಾಷ್!" ಎಂದು ಮುರುಗೇಶಣ್ಣ ತೊಡೆ ತಟ್ಟಿದ. ಅಡುಗೆಮನೆಯ ಬಾಗಿಲಲ್ಲಿ ಕಲಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇಬ್ಬರನ್ನೂ ನೋಡುತ್ತ ಹೇಳುವುದು ನನ್ನಿಂದಾಗದೆ ಪರದೆಗೇ ಕಣ್ಣು ನೆಟ್ಟೆ.

ಅಲ್ಲಿ ಆಟ ಮುಗಿಯಿತು. ಗೆದ್ದವರು ಕಪ್ಪು ಎತ್ತಿ ಕುಣಿಯತೊಡಗಿದರು. ನಮ್ಮ ಫೈನಲ್ಲನ್ನು ಮುಗಿಸುವ ಮಾತು ನನಗೆ ಹೊಳೆಯಲಿಲ್ಲ.

"ಏನ್ಲಾ ಸುಮ್ಕಾದೆ? ಮಳೆ ಬಂತಾ?" ಎಂದ ಮುರುಗೇಶಣ್ಣ.

"ಊಂ ಅಣ್ಣ, ಜೋರು ಮಳೆ. ಆಟ ನಿಲ್ಸವ್ರೆ."

ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಹೊರಟಾಗ ಕಲಾ ಒಳಗೆ ಕಾಫಿ ಲೋಟ ತೊಳೆಯುತ್ತಿದ್ದಳು. ಮುರುಗೇಶಣ್ಣ ಅವಳಿಗೆ ಕೇಳುವಂತೆ ದನಿ ಎತ್ತಿದ.

"ನಿಂತಿರೋ ಆಟ ಇನ್ನೊಂದಿನ ಆಡಿಸ್ತಾರಲ್ವೇನ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು.

"ಆಡಿಸ್ತಾರಪ್ಪಾ."

ಆಟೋ ತಿರುಗುವಾಗ ಹಿಂದೆ ನೋಡಿದೆ. ಆಂಡರ್ಸನ್‌ಪೇಟೆಯ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬಾಗಿಲಲ್ಲಿ ನಿಂತ ಮುರುಗೇಶಣ್ಣ ಕೈಯಾಡಿಸಿ ಮೊಳೆ ಹುಡುಕಿ, ಒಗೆದ ಜರ್ಸಿಯನ್ನು ಸರಿಯಾಗಿ ತೂಗುಹಾಕುತ್ತಿದ್ದ.